‘ಹೂಂ ಸಿಸ್ಟರ್’ ಅಂದ ಮಾತ್ರಕ್ಕೆ ಅರ್ಥವಾಯಿತು ಅಂತಲ್ಲ: ವಾರ್ಡಿನಲ್ಲಿ ರೋಗಿಯ ಜೊತೆ ಮಾತಾಡುವ ಬಗೆ

ಬೆಳಗ್ಗೆ ಏಳೂವರೆ. ಹರ್ನಿಯಾ ಆಪರೇಷನ್ನಿಗೆ ತಯಾರಾಗಿದ್ದ ಐವತ್ತರ ಆಸುಪಾಸಿನ ರೈತರೊಬ್ಬರನ್ನು ಕೇಳಿದೆ: “ರಾತ್ರಿಯಿಂದ ಊಟ ಮಾಡಿಲ್ಲ ತಾನೆ?” “ಇಲ್ರೀ ಸಿಸ್ಟರ್” ಅಂದರು. ಕೇಸ್‌ಶೀಟಿನಲ್ಲಿ ಟಿಕ್ ಹಾಕಿ ಥಿಯೇಟರಿಗೆ ಕಳಿಸಿದೆ. ಅಲ್ಲಿ ಅರಿವಳಿಕೆ ಡಾಕ್ಟರು ಬೇರೆ ಥರ ಕೇಳಿದರು: “ಬೆಳಗ್ಗೆ ಎದ್ದ ಮೇಲೆ ಬಾಯಿಗೆ ಏನೇನು ಹೋಯ್ತು?” “ಒಂದು ಕಾಫಿ, ಎರಡು ಬನ್ನು.” ಆಪರೇಷನ್ ಮರುದಿನಕ್ಕೆ ಹೋಯಿತು. ನನಗೆ ಬೈಗುಳ ಬಿತ್ತು. ನಾನು ವಾರ್ಡಿಗೆ ಬಂದು ಅವರ ಮೇಲೆ ಹಾರಾಡಿದೆ. ಅವರು ತಣ್ಣಗೆ ಹೇಳಿದರು: “ನೀವು ಕೇಳಿದ್ದು ಊಟ. ಊಟ ಎಲ್ಲಿ ಮಾಡೀನ್ರಿ?”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಊಟ ಅಂದರೆ ತಟ್ಟೆಗೆ ರೊಟ್ಟಿಯೋ ಮುದ್ದೆಯೋ ಅನ್ನವೋ ಬೀಳಬೇಕು. ಇಡ್ಲಿ ತಿಂಡಿ. ಬನ್ನು ಅದಕ್ಕಿಂತಲೂ ಕಡಿಮೆ. ಕಾಫಿಯಂತೂ ಲೆಕ್ಕಕ್ಕೇ ಇಲ್ಲ. ಪುಸ್ತಕದ ನಿಯಮ ಮಾತ್ರ ಬೇರೆ: ಗಟ್ಟಿ ಆಹಾರ ತಿಂದು 6 ಗಂಟೆ ಆಗಿರಬೇಕು, ಬರೀ ನೀರಾದರೆ 2 ಗಂಟೆ, ಹಾಲು ಬಿದ್ದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಆಹಾರದ ಲೆಕ್ಕಕ್ಕೇ ಬರುತ್ತದೆ. ಈ ನಿಯಮ ನನ್ನ ತಲೆಯಲ್ಲಿತ್ತು, ನನ್ನ ಪ್ರಶ್ನೆಯಲ್ಲಿ ಇರಲಿಲ್ಲ.

ಅದಾಗಿ ಹತ್ತೊಂಬತ್ತು ವರ್ಷವಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ, ಜಿಎನ್‌ಎಂ ಡಿಪ್ಲೊಮಾ, ಬಿಎಸ್ಸಿ ನರ್ಸಿಂಗ್ ಓದುತ್ತ ಪೋಸ್ಟಿಂಗಿಗೆ ಬರುವವರಿಗೆ ನಾನು ಮೊದಲು ಹೇಳುವುದು ಇದೇ ಕಥೆ. ‘ರೋಗಿಗಳ ಜೊತೆ ನಗುನಗುತ್ತಾ ಮಾತಾಡಿ’ ಅಂತ ಎಲ್ಲರೂ ಉಪದೇಶ ಮಾಡುತ್ತಾರೆ. ನಗು ಇದ್ದರೆ ಒಳ್ಳೆಯದೇ, ಆದರೆ ನಾನು ಅವತ್ತೂ ನಗುತ್ತಲೇ ಕೇಳಿದ್ದೆ.

ಹಂತ 1: ಮಂಚದ ಹತ್ತಿರ ಹೋಗುವ ಮುಂಚೆ

ಕೇಸ್‌ಶೀಟ್ ನಿಂತಲ್ಲೇ ಓದಿ. ಹೆಸರು, ವಯಸ್ಸು, ಯಾವ ಊರು, ಏನು ಕಾಯಿಲೆ, ರಾತ್ರಿ ಪಾಳಿಯವರು ಏನು ಬರೆದಿದ್ದಾರೆ, ಇಷ್ಟು ಸಾಕು, ಅರ್ಧ ನಿಮಿಷದ ಕೆಲಸ. ಅಲ್ಲಿ ಹೋಗಿ ಹಾಳೆ ತಿರುವುತ್ತ “ಏನಾಗಿದೆ ನಿಮಗೆ?” ಅಂತ ಕೇಳಿದರೆ, ಮೂರು ದಿನದಿಂದ ಎಂಟು ಜನಕ್ಕೆ ಅದೇ ಕಥೆ ಹೇಳಿ ಸುಸ್ತಾದವರು ಒಂಬತ್ತನೆಯವರಿಗೆ ಅರ್ಧವನ್ನೇ ಹೇಳುತ್ತಾರೆ. ಬಿಟ್ಟುಹೋದ ಅರ್ಧದಲ್ಲೇ ಬೇಕಾದ್ದು ಇರುತ್ತದೆ.

ಹಂತ 2: ಮೊದಲ ಒಂದು ನಿಮಿಷ

ನರ್ಸಿಂಗ್ ಸಿದ್ಧಾಂತದ ಪಾಠದಲ್ಲಿ ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ ಅವರ ಹೆಸರು ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ. 1952ರಲ್ಲಿ ಅವರು ನರ್ಸ್-ರೋಗಿ ಸಂಬಂಧವನ್ನು ಬಿಡಿಸಿ ಬರೆದಾಗ ನರ್ಸಿಗೆ ಕೊಟ್ಟ ಪಾತ್ರಗಳಲ್ಲಿ ಮೊದಲನೆಯದು ‘ಅಪರಿಚಿತಳು’. ಪರೀಕ್ಷೆಯಲ್ಲಿ ಇದು ಎರಡು ಅಂಕದ ಪ್ರಶ್ನೆ. ವಾರ್ಡಿನಲ್ಲಿ ಇದರ ಅರ್ಥ ಬೇರೆ: ನಿಮಗೆ ಅವರು ದಿನದ ಇಪ್ಪತ್ತನೆಯ ರೋಗಿ, ಅವರಿಗೆ ನೀವು ಗೊತ್ತಿಲ್ಲದ ಯಾರೋ ಒಬ್ಬರು, ಅದೂ ಕೈಯಲ್ಲಿ ಸೂಜಿ ಹಿಡಿದವರು. ಆದ್ದರಿಂದ ಹೆಸರು ಹೇಳಿ. “ನಾನು ಸಿಸ್ಟರ್ ಶಾಂತಾ, ಮಧ್ಯಾಹ್ನ ಎರಡು ಗಂಟೆವರೆಗೂ ನಾನೇ ಇರ್ತೀನಿ, ಏನಿದ್ರೂ ನನ್ನ ಕರೀರಿ.” ಯಾವಾಗಿನ ತನಕ ಅನ್ನುವುದು ಮುಖ್ಯ. ಇಲ್ಲದಿದ್ದರೆ ಎರಡೂವರೆಗೆ “ಆ ಸಿಸ್ಟರ್ ಬರ್ತೀನಿ ಅಂದು ಬರಲೇ ಇಲ್ಲ” ಎಂಬ ದೂರು ಹುಟ್ಟುತ್ತದೆ.

ಅವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ. “ಮಂಜುನಾಥ್ ಅಲ್ವಾ?” ಅಂದರೆ ಅರೆನಿದ್ದೆಯಲ್ಲಿರುವವರು, ಕಿವಿ ಮಂದ ಇರುವವರು ಎಲ್ಲರೂ ‘ಹೂಂ’ ಅಂದುಬಿಡುತ್ತಾರೆ. ನಮ್ಮ ವಾರ್ಡಿನಲ್ಲಿ ಒಂದು ಸಲ ಮೂವರು ಮಂಜುನಾಥರಿದ್ದರು. ಅದರಲ್ಲಿ ಇಬ್ಬರ ಅಪ್ಪನ ಹೆಸರು ಬಸಪ್ಪ. “ನಿಮ್ಮ ಹೆಸರು ಹೇಳಿ, ಯಾವ ಊರು?” ಅಂತ ಕೇಳಿ, ಕೈಪಟ್ಟಿಯ ನಂಬರ್ ನೋಡಿ, ಆಮೇಲೆ ಔಷಧಿ. ‘ಬೆಡ್ ನಂಬರ್ ಹದಿನಾಲ್ಕು’ ಯಾರ ಹೆಸರೂ ಅಲ್ಲ. ಮಂಚ ಬದಲಾದ ದಿನ ಅದೇ ನಂಬರಿನಲ್ಲಿ ಬೇರೆಯವರು ಮಲಗಿರುತ್ತಾರೆ.

ಇನ್ನು ನೀನು-ನೀವು. ಇದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡಲಿಲ್ಲ. ಸ್ವಲ್ಪ ಗಮನಿಸಿ ನೋಡಿ: ಪ್ಯಾಂಟು, ಕನ್ನಡಕ ಹಾಕಿಕೊಂಡವರಿಗೆ ‘ನೀವು ಕೂತ್ಕೊಳ್ಳಿ ಸರ್’, ಪಕ್ಕದ ಮಂಚದ ಕೂಲಿಯವರಿಗೆ ‘ಏಯ್, ಆ ಕಡೆ ತಿರುಗು’. ಇಬ್ಬರಿಗೂ ಕೇಳಿಸುತ್ತದೆ. ಏಕವಚನ ಬಿದ್ದ ಮೇಲೆ ಆ ಮನುಷ್ಯ ನಿಮ್ಮನ್ನು ಏನೂ ಕೇಳುವುದಿಲ್ಲ, ಹೇಳುವುದೂ ಇಲ್ಲ. ಹುಬ್ಬಳ್ಳಿ ಕಡೆಯ ಸಿಸ್ಟರ್ ಒಬ್ಬಳು ವಯಸ್ಸಾದವರಿಗೆ “ಯವ್ವಾ, ಸ್ವಲ್ಪ ಏಳ ನೋಡೋಣು” ಅಂದರೆ ಅದರಲ್ಲಿ ಮಗಳ ಸಲುಗೆ ಇರುತ್ತದೆ, ಅದು ಬೇರೆ. ಆ ಸಲುಗೆ ನಿಮ್ಮ ನಾಲಿಗೆಗೆ ಹುಟ್ಟಿನಿಂದ ಬಂದಿಲ್ಲವಾದರೆ ಬಹುವಚನದಲ್ಲೇ ಇರಿ. ‘ಅಜ್ಜಿ’ ಅನ್ನುವಾಗಲೂ ಹುಷಾರು. ಐವತ್ತೆರಡರ ಟೀಚರ್ ಒಬ್ಬರು ನನ್ನ ಜೊತೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. “ಏನಂತ ಕರೀಲಿ ನಿಮ್ಮನ್ನ?” ಅಂತ ಕೇಳಿದರೆ ಕೆಲಸ ಮುಗಿಯಿತು.

ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಆಧುನಿಕ ನರ್ಸಿಂಗಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ನೂರಾ ಅರವತ್ತು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ: ರೋಗಿ ಕತ್ತು ತಿರುಗಿಸದೆ ನಿಮ್ಮ ಮುಖ ಕಾಣುವ ಹಾಗೆ ಕೂರಿ, ಮಂಚಕ್ಕೆ ಒರಗಬೇಡಿ, ಅದೇ ಕೋಣೆಯಲ್ಲಿ ಪಿಸುಗುಟ್ಟಬೇಡಿ. ಕೊನೆಯದನ್ನು ಅವರು ಕ್ರೌರ್ಯ ಅಂತಲೇ ಕರೆದರು. ನಾವು ಇವತ್ತಿಗೂ ಮಂಚದ ಕಾಲ ಬುಡದಲ್ಲಿ ನಿಂತು ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಗುಸುಗುಸು ಅನ್ನುತ್ತೇವೆ. ರೋಗಿಗೆ ಅದರಲ್ಲಿ ಅರ್ಥವಾಗುವುದು ‘ಕ್ಯಾನ್ಸರ್’, ‘ಸೀರಿಯಸ್’, ‘ರೆಫರ್’ ಎಂಬ ಮೂರೇ ಪದ. ಉಳಿದದ್ದನ್ನು ರಾತ್ರಿಯೆಲ್ಲ ಅವರೇ ಜೋಡಿಸಿಕೊಳ್ಳುತ್ತಾರೆ.

ಹಂತ 3: ಕೇಳುವುದು

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಇಲ್ಲೇ. ಸೂತ್ರ ಒಂದೇ: ‘ಹೂಂ’ ಅಥವಾ ‘ಇಲ್ಲ’ ಅಂತ ಉತ್ತರ ಬರುವ ಪ್ರಶ್ನೆಯಿಂದ ಶುರು ಮಾಡಬೇಡಿ, ರೋಗಿಯ ಮನೆಯಲ್ಲಿ ಇಲ್ಲದ ಪದದಿಂದ ಕೇಳಬೇಡಿ.

ಅಲರ್ಜಿ ತೆಗೆದುಕೊಳ್ಳಿ. “ಅಲರ್ಜಿ ಇದೆಯಾ?” ಅಂದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲ ಅನ್ನುತ್ತಾರೆ. “ಯಾವುದಾದ್ರೂ ಸೂಜಿ, ಮಾತ್ರೆ ತಗೊಂಡಾಗ ಮೈಯೆಲ್ಲ ತುರಿಕೆ, ದದ್ದು, ಮುಖ ಊದೋದು, ಉಸಿರು ಕಟ್ಟೋದು ಆಗಿತ್ತಾ? ಯಾವ ಔಷಧಿ ನಿಮ್ಮ ಮೈಗೆ ಆಗಿಬರಲ್ಲ?” ಅಂತ ಕೇಳಿ ನೋಡಿ. “ಹಾಂ, ಹೋದ ವರ್ಷ ಒಂದು ಸೂಜಿ ಹಾಕಿದ್ರು, ತುಟಿ ಇಷ್ಟು ದಪ್ಪ ಆಯ್ತು” ಎಂಬುದು ಆಗ ಹೊರಗೆ ಬರುತ್ತದೆ.

ತಂಬಾಕು ಕೂಡ ಹಾಗೇ. ಬೀಡಿ ಸಿಗರೇಟು ಸೇದದವರು ಅಭ್ಯಾಸ ಏನೂ ಇಲ್ಲ ಅನ್ನುತ್ತಾರೆ. ಬಾಯಿ ತೆರೆದರೆ ಕೆಂಪು. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವುದು ಅವರ ಲೆಕ್ಕದಲ್ಲಿ ತಂಬಾಕು ಅಲ್ಲ, ಊಟದ ಮುಂದುವರಿಕೆ. ಕುಡಿತದ ವಿಷಯ ಇನ್ನೂ ಸೂಕ್ಷ್ಮ. ಹೆಂಡತಿ ಎದುರಿಗಿದ್ದಾಗ ಕೇಳಿದರೆ ‘ಯಾವಾಗಾದ್ರೂ ಹಬ್ಬಕ್ಕೆ’ ಅನ್ನುತ್ತಾರೆ. ಅವರನ್ನು ಔಷಧಿ ತರಲು ಕಳಿಸಿ, ಆಮೇಲೆ ಕೇಳಿ, ಅದೂ ‘ಕುಡೀತೀರಾ’ ಅಂತಲ್ಲ. “ಕೊನೇ ಸಲ ಯಾವಾಗ ತಗೊಂಡ್ರಿ? ದಿನಾ ತಗೊಳ್ಳೋರು ನಿಲ್ಲಿಸಿದಾಗ ಕೈ ನಡುಗುತ್ತೆ, ಅದಕ್ಕೆ ಔಷಧಿ ಇದೆ, ಅದಕ್ಕೇ ಕೇಳ್ತಿದೀನಿ.” ಇದರಲ್ಲಿ ನೀತಿಪಾಠ ಇಲ್ಲ. ಕಾರಣ ಮಾತ್ರ ಗಟ್ಟಿಯಾದದ್ದು: ದಿನಾ ಕುಡಿಯುವವರು ಆಸ್ಪತ್ರೆ ಸೇರಿ ಎರಡು ಮೂರನೇ ದಿನಕ್ಕೆ ಸನ್ನಿ ಹಿಡಿದವರಂತೆ ಡ್ರಿಪ್ ಕಿತ್ತುಹಾಕಿ ಎದ್ದು ಓಡಬಹುದು, ಫಿಟ್ಸ್ ಬರಬಹುದು. ಮೊದಲೇ ಗೊತ್ತಿದ್ದರೆ ತಡೆಯಬಹುದು.

‘ಗ್ಯಾಸ್ಟ್ರಿಕ್’ ಎಂಬ ಪದ ಕೇಳಿದ ಕೂಡಲೇ ಕಿವಿ ನೆಟ್ಟಗಾಗಲಿ. ನಮ್ಮ ಜನಕ್ಕೆ ಹೊಕ್ಕುಳಿಂದ ಕುತ್ತಿಗೆವರೆಗೆ ಏನಾದರೂ ಗ್ಯಾಸ್ಟ್ರಿಕ್ಕೇ. “ಎಲ್ಲಿ, ಒಂದು ಬೆರಳಲ್ಲಿ ತೋರಿಸಿ” ಅನ್ನಿ. ಬೆರಳಿನ ಬದಲು ಇಡೀ ಅಂಗೈಯನ್ನು ಎದೆ ಮೇಲೆ ಇಟ್ಟು “ಇಲ್ಲಿ, ಹಿಡ್ಕೊಂಡಂಗೆ” ಅಂದರೆ, ದವಡೆಗೋ ಎಡಗೈಗೋ ಎಳೆಯುತ್ತಿದ್ದರೆ, ಬೆವರಿದ್ದರೆ, ಮಾತು ನಿಲ್ಲಿಸಿ ಇಸಿಜಿಗೆ ಓಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ದಮ್ಮು, ವಾಂತಿ ಬಂದಂತಾಗುವುದೂ ಉಂಟು.

ನೋವಿನ ಅಳತೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳುವುದು ನಮ್ಮ ಚಾರ್ಟಿನ ಪದ್ಧತಿ. ಓದಿದವರಿಗೆ ಸರಿ. ಎಪ್ಪತ್ತರ ಅಜ್ಜನಿಗೆ “ಹತ್ತರಲ್ಲಿ ಎಷ್ಟು?” ಅಂದರೆ ಅವರು ಬೆರಳು ಎಣಿಸತೊಡಗಿದರು. “ನಿನ್ನೆ ನೋವು ಒಂದು ರೂಪಾಯಿ ಅಂದ್ಕೊಳ್ಳಿ, ಇವತ್ತು ಎಷ್ಟಾಣೆ ಉಳಿದಿದೆ?” “ಎಂಟಾಣೆ ಐತಿ ತಾಯಿ.” ಆಣೆ ಚಲಾವಣೆಯಲ್ಲಿಲ್ಲ, ಹಳ್ಳಿಯ ನೋವಿನಲ್ಲಿ ಇನ್ನೂ ಇದೆ. ಚಾರ್ಟಿನ ಖಾನೆಗೆ ಚಾರ್ಟಿನದೇ ಅಂಕಿ ಬೇಕು, ಅಲ್ಲಿಗೆ ಮುಖದ ಚಿತ್ರಗಳ ಹಾಳೆ ತೋರಿಸಿ ಬೆರಳಿಡಿಸಿ. ಅವರ ಮಾತನ್ನು ಷರಾದಲ್ಲಿ ಬರೆಯಿರಿ.

ಹೆಂಗಸರ ವಿಷಯಗಳನ್ನು ಅವರೇ ಬಳಸುವ ಪದದಲ್ಲಿ ಕೇಳಿ. ‘ಹೊರಗಾಗೋದು’, ‘ಮುಟ್ಟು’, ‘ಬಿಳಿ ಹೋಗೋದು’. ಮಲ ಮೂತ್ರಕ್ಕೆ ‘ಎರಡಕ್ಕೆ, ಒಂದಕ್ಕೆ’, ಉತ್ತರದ ಕಡೆ ‘ಸಂಡಾಸ’. ಪರದೆ ಎಳೆಯಿರಿ, ದನಿ ಇಳಿಸಿ. ಹತ್ತು ವರ್ಷದ ಮಗನನ್ನು ಮಾತ್ರ ದುಭಾಷಿ ಮಾಡಬೇಡಿ. ಲಂಬಾಣಿ ತಾಂಡಾದಿಂದ ಬಂದ ತಾಯಿ ತನ್ನ ರಕ್ತಸ್ರಾವದ ಕಥೆಯನ್ನು ಮಗನ ಬಾಯಿಂದ ಹೇಳಿಸಲಾರಳು. ನಮ್ಮಲ್ಲಿ ಆ ಭಾಷೆ ಬಲ್ಲ ಆಯಾ ಒಬ್ಬರಿದ್ದಾರೆ. ಯಾವ ಪಾಳಿಯಲ್ಲಿ ಯಾರಿಗೆ ತುಳು, ಉರ್ದು, ತೆಲುಗು, ಲಂಬಾಣಿ ಬರುತ್ತದೆ ಎಂಬ ಪಟ್ಟಿಯೊಂದನ್ನು ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿದ್ದೇನೆ. ಆ ಗೋಡೆಯ ಮೇಲೆ ಅದಕ್ಕಿಂತ ಉಪಯೋಗದ ಕಾಗದ ಇನ್ನೊಂದಿಲ್ಲ.

ಕೇಳಿದ ಮೇಲೆ ಸುಮ್ಮನಿರಿ. ಐದು ಸೆಕೆಂಡು. ವಾರ್ಡಿನಲ್ಲಿ ಐದು ಸೆಕೆಂಡು ಬಹಳ ಉದ್ದ, ಗೊತ್ತು.

ಹಂತ 4: ಮುಟ್ಟುವ ಮೊದಲು

ಏನು ಮಾಡುತ್ತೀರಿ, ಎಷ್ಟು ಹೊತ್ತು, ನೋವಾಗುತ್ತದೆಯೇ, ಈ ಮೂರನ್ನು ಹೇಳಿ. ‘ಏನೂ ಆಗಲ್ಲ, ಇರುವೆ ಕಚ್ಚಿದಂಗೆ’ ಅಂತ ಮಕ್ಕಳಿಗೆ ಹೇಳಬೇಡಿ. ಒಂದು ಸಲ ನಂಬುತ್ತವೆ, ಆಮೇಲೆ ಬಿಳಿ ಬಟ್ಟೆ ಕಂಡರೆ ಕಿರುಚುತ್ತವೆ. “ಚುಚ್ಚಿದಾಗ ನೋಯುತ್ತೆ, ಐದು ಎಣಿಸೋದ್ರೊಳಗೆ ಮುಗಿಯುತ್ತೆ, ನೀನೇ ಎಣಿಸು.”

ತಾಳಿ ತೆಗೆಸುವ ಗಳಿಗೆ ಗೊತ್ತಲ್ಲ? ಥಿಯೇಟರಿಗೆ ಹೋಗುವ ಮುಂಚೆ ಮೈಮೇಲಿನ ಲೋಹವೆಲ್ಲ ಹೊರಗೆ ಬರಬೇಕು. ‘ತಾಳಿ ಬಿಚ್ಚಿ’ ಎಂಬ ಎರಡು ಪದವನ್ನು ಸ್ಟ್ರೆಚರ್ ಪಕ್ಕದಲ್ಲಿ ನಿಂತು ಅವಸರದಲ್ಲಿ ಹೇಳಿ, ಗಂಡ ಬದುಕಿರುವ ಹೆಂಗಸು ಗಳಗಳನೆ ಅತ್ತಾಗ ‘ಏನಮ್ಮ ಇದಕ್ಕೆಲ್ಲ’ ಅಂದವರಲ್ಲಿ ನಾನೂ ಒಬ್ಬಳು. ಈಗ ಹಿಂದಿನ ಸಂಜೆಯೇ ಹೇಳುತ್ತೇನೆ, ಕಾರಣ ಸಮೇತ: “ಆಪರೇಷನ್ನಲ್ಲಿ ಕರೆಂಟಿನ ಉಪಕರಣ ಬಳಸ್ತಾರೆ, ಲೋಹ ಇದ್ರೆ ಅಲ್ಲಿ ಸುಡೋ ಅಪಾಯ ಇರುತ್ತೆ.” ಅವರ ಕೈಯಿಂದಲೇ ಬಿಚ್ಚಿಸಿ, ಅವರು ಹೇಳಿದವರ ಕೈಗೆ ಕೊಟ್ಟು, ಸಹಿ ಹಾಕಿಸುತ್ತೇನೆ. ಅರಿಶಿಣದ ದಾರ ಕಟ್ಟಿಕೊಳ್ಳುತ್ತೇನೆ ಅಂದರೆ ಥಿಯೇಟರ್ ಸಿಸ್ಟರನ್ನು ಕೇಳಿ ಹೇಳುತ್ತೇನೆ. ಉಡಿದಾರ, ತಾಯತ, ಮಗುವಿನ ಕೈಯ ಕಪ್ಪುದಾರ ಎಲ್ಲಕ್ಕೂ ಇದೇ ಕ್ರಮ. ಕೇಳದೆ ಕತ್ತರಿ ಹಾಕಬೇಡಿ.

ಹೆರಿಗೆ ಕೋಣೆಯ ಬಗ್ಗೆ ಒಂದೇ ಮಾತು. ಅಲ್ಲಿ ಕೂಗಾಡುವುದು, ಕೆನ್ನೆಗೆ ಬಾರಿಸುವುದು ‘ಪದ್ಧತಿ’ ಅಂತ ನಮ್ಮ ಹಿರಿಯರು ನಮಗೆ ಕಲಿಸಿದರು. 2017ರಲ್ಲಿ ಕೇಂದ್ರ ಸರ್ಕಾರ ತಂದ ‘ಲಕ್ಷ್ಯ’ ಕಾರ್ಯಕ್ರಮ ಗೌರವದ ಹೆರಿಗೆ ಆರೈಕೆಯನ್ನೂ ಗುಣಮಟ್ಟದ ಲೆಕ್ಕಕ್ಕೆ ಸೇರಿಸಿದೆ. ಆದರೆ ಅದಕ್ಕೆ ಕಾರ್ಯಕ್ರಮ ಬೇಕಿತ್ತೆ ಅಂತ ನನಗೆ ಇವತ್ತಿಗೂ ನಾಚಿಕೆ.

ಹಂತ 5: ಹೇಳುವುದು, ಹೇಳಿದ್ದನ್ನು ವಾಪಸ್ ಪಡೆಯುವುದು

“ಅರ್ಥ ಆಯ್ತಾ?” “ಹೂಂ ಸಿಸ್ಟರ್.” ಈ ಸಂಭಾಷಣೆಯಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ‘ಹೂಂ’ ಅಂದರೆ ಕೇಳಿಸಿತು, ನಿಮಗೆ ಎದುರಾಡಲಾರೆ, ಬೇಗ ಬಿಡಿ ಎಂಬ ಅರ್ಥಗಳೂ ಇವೆ. ಆದ್ದರಿಂದ ಅವರಿಂದಲೇ ಹೇಳಿಸಿ ಅಥವಾ ಮಾಡಿಸಿ. ತಪ್ಪನ್ನು ನಿಮ್ಮ ತಲೆ ಮೇಲೆ ಹಾಕಿಕೊಂಡು ಕೇಳಿದರೆ ಯಾರಿಗೂ ಅವಮಾನವಾಗದು: “ನಾನು ಗಡಿಬಿಡಿಲಿ ಹೇಳಿದೆ, ಸರಿಯಾಗಿ ಹೇಳಿದ್ನೋ ಇಲ್ವೋ. ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಿ, ನನಗೆ ಒಂದ್ಸಲ ಹೇಳಿ.”

ಇನ್ಸುಲಿನ್ ಉದಾಹರಣೆ ನೋಡಿ. ನಮ್ಮಲ್ಲಿ ಸಿಗುವ ಸಾಮಾನ್ಯ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100ರ ಸಿರಿಂಜ್, ಅದು 100 ಯೂನಿಟ್ಟಿನ ಔಷಧಿಗೆ. ‘ಇಪ್ಪತ್ತು ಯೂನಿಟ್ ತಗೊಳ್ಳಿ’ ಅಂತ ನಾವು ಹೇಳಿ ಕಳಿಸುತ್ತೇವೆ. ಮೆಡಿಕಲ್ ಶಾಪಿನಲ್ಲಿ ಕಿತ್ತಳೆ ಮುಚ್ಚಳದ್ದು ಕೊಟ್ಟರು ಅನ್ನಿ. 40ರ ಬಾಟಲಿಯಿಂದ ಅದರ ಇಪ್ಪತ್ತನೇ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ, ನಾವು ‘ಪಥ್ಯ ಮಾಡಿಲ್ಲ’ ಅಂತ ಬೈಯುತ್ತೇವೆ. ತಿರುಗುಮುರುಗಾಗಿ 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಇಪ್ಪತ್ತಕ್ಕೆ ಎಳೆದರೆ 50 ಯೂನಿಟ್. ಅದು ಜೀವಕ್ಕೇ ಅಪಾಯ.

ಹಾಗಾಗಿ ನಾನು ಪಾಠ ಮಾಡುವುದನ್ನು ಬಿಟ್ಟೆ. ಖಾಲಿ ಬಾಟಲಿಗೆ ನೀರು ತುಂಬಿ, ಎರಡೂ ಸಿರಿಂಜ್ ಮುಂದಿಟ್ಟು, “ಇಪ್ಪತ್ತು ಎಳೆದು ತೋರಿಸಿ” ಅನ್ನುತ್ತೇನೆ. ಒಬ್ಬ ತಾಯಿ ಕೆಂಪು ಮುಚ್ಚಳದ್ದನ್ನೇ ಸರಿಯಾಗಿ ಆರಿಸಿದರು, ಇಪ್ಪತ್ತಕ್ಕೇ ಎಳೆದರು, ಆದರೆ ಅದರಲ್ಲಿ ಅರ್ಧ ಗಾಳಿ. ಕಣ್ಣು ಮಂಜಿನಿಂದ ಗುಳ್ಳೆ ಕಂಡಿರಲಿಲ್ಲ. ಎಷ್ಟು ಚೆನ್ನಾಗಿ ವಿವರಿಸಿದ್ದರೂ ಅದು ನನಗೆ ಗೊತ್ತಾಗುತ್ತಿರಲಿಲ್ಲ. ಮೊಮ್ಮಗಳನ್ನು ಕರೆಸಿ ಕಲಿಸಿದೆವು. ಫ್ರಿಜ್ ಇಲ್ಲದವರಿಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯ ಉಪಾಯ ಹೇಳಿಕೊಡಿ. ಬೆವರು, ನಡುಕ, ತಡೆಯಲಾರದ ಹಸಿವು, ಕಣ್ಣು ಕತ್ತಲೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಲಿ, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್. ಈ ಸಾಲನ್ನು ಮನೆಯವರಿಂದಲೂ ಹೇಳಿಸಿ, ಏಕೆಂದರೆ ಆ ಹೊತ್ತಿಗೆ ರೋಗಿ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

‘ನಂಜು’, ‘ಉಷ್ಣ’, ‘ಶೀತ’ ಎಂಬ ಮಾತು ಬಂದರೆ ನಗಬೇಡಿ. ಹೊಲಿಗೆ ಹಾಕಿದವರಿಗೆ ಬದನೆಕಾಯಿ ನಂಜು ಅಂತ ಕೊಡುವುದಿಲ್ಲ, ಕೊಡದಿದ್ದರೆ ನಷ್ಟವೇನಿಲ್ಲ, ಬಿಡಿ. ಆದರೆ ಬಾಣಂತಿಗೆ ನೀರೇ ಕೊಡಬಾರದು ಅಂದಾಗ ಬಿಡಬೇಡಿ. ಜಗಳವೂ ಬೇಡ. “ತಣ್ಣೀರು ಬೇಡ ಅಂತೀರಾ? ಸರಿ, ಬಿಸಿನೀರು, ಜೀರಿಗೆ ಕಷಾಯ, ಸಾರು ಕೊಡಿ, ಬಾಯಾರಿದಷ್ಟೂ ಕೊಡಿ” ಅಂದರೆ ಅಜ್ಜಿಯ ಮಾನವೂ ಉಳಿಯಿತು, ಬಾಣಂತಿಯ ಹೊಟ್ಟೆಗೆ ನೀರೂ ಹೋಯಿತು.

ಹಂತ 6: ಕಡೆಯವರು

ರೋಗಿ ಒಬ್ಬರು, ಅವರ ಕಡೆಯವರು ಒಂಬತ್ತು. ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ಆ ಒಬ್ಬರು ಯಾರೆಂದು ರೋಗಿಯೇ ಹೇಳಲಿ. ಹಿರಿಮಗ ಜೋರಾಗಿ ಮಾತಾಡುತ್ತಾನೆಂದು ಅವನೇ ಅಂತಲ್ಲ.

ಗುಟ್ಟು ಕಾಪಾಡುವುದರಲ್ಲಿ ಸಡಿಲ ಬೇಡ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆಯೇ ಇದೆ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ರೋಗಿಯ ಒಪ್ಪಿಗೆ ಇಲ್ಲದೆ ಬಾಯಿ ಬಿಡುವಂತಿಲ್ಲ. ಬಾಯಿ ಬಿಡದೆಯೂ ಹೇಳಿಬಿಡಬಹುದು: ಮಂಚದ ತಲೆದೆಸೆಗೆ ಕೆಂಪು ಗುರುತು, ಅವರೊಬ್ಬರಿಗೇ ಎರಡು ಜೊತೆ ಕೈಗವಸು. ಪಕ್ಕದ ಮಂಚದವರಿಗೆ ಅಷ್ಟು ಸಾಕು.

ಹಂತ 7: ಕೆಟ್ಟ ಸುದ್ದಿ

ಕಾಯಿಲೆಯ ಹೆಸರು ಮೊದಲು ಹೇಳಬೇಕಾದವರು ಡಾಕ್ಟರು. ಆದರೆ ಅವರು ಹೇಳಿ ಹೋದ ಮೇಲೆ ಉಳಿಯುವವರು ನಾವು. ರಾತ್ರಿ ಒಂದು ಗಂಟೆಗೆ “ಸಿಸ್ಟರ್, ನನಗೇನು ಕ್ಯಾನ್ಸರಾ?” ಅಂತ ಕೇಳುವುದು ನಮ್ಮನ್ನೇ. ಹಗಲು ಮಗಳು “ಅಪ್ಪಂಗೆ ಹೇಳ್ಬೇಡಿ, ಎದೆ ಒಡ್ಕೋತಾರೆ” ಅಂತ ಕೈಮುಗಿದಿರುತ್ತಾಳೆ.

ಸುಳ್ಳು ಹೇಳಬೇಡಿ, ಥಟ್ಟನೆ ನಿಜವನ್ನೂ ಹೇಳಬೇಡಿ. ಮೊದಲು ಕೂರಿ. “ನಿಮಗೇನು ಅನ್ನಿಸ್ತಿದೆ? ಡಾಕ್ಟರ್ ಏನು ಹೇಳಿದ್ರು?” ಬಹಳ ಸಲ ಅವರಿಗೆ ಗೊತ್ತಿರುತ್ತದೆ. ಒಬ್ಬ ಹಿರಿಯರು “ಗೊತ್ತೈತಿ ತಾಯಿ, ಮಗಳು ಅಳ್ತಾಳಂತ ಗೊತ್ತಿಲ್ಲದಂಗ ಇದೀನಿ” ಅಂದರು. ಅಪ್ಪ ಮಗಳು ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಮೂರು ವಾರ ಕಳೆದಿದ್ದರು. ಬೆಳಗ್ಗೆ ಡಾಕ್ಟರಿಗೆ ತಿಳಿಸಿ, ಮಗಳನ್ನು ಬೇರೆ ಕರೆದು ಮಾತಾಡಿ, ಆಮೇಲೆ ಮೂವರನ್ನೂ ಕೂರಿಸಿದೆವು. “ದೇವರಿದ್ದಾನೆ, ಎಲ್ಲ ಸರಿಹೋಗುತ್ತೆ” ಎಂಬುದನ್ನು ಅವರ ನೆಂಟರು ಹೇಳಲಿ. ನೀವು ನಿಮ್ಮ ಕೈಲಾಗುವುದನ್ನೇ ಹೇಳಿ: “ನೋವಿಗೆ ಔಷಧಿ ಇದೆ, ರಾತ್ರಿ ನೋವಾದ್ರೆ ಕರೀರಿ, ಬರ್ತೀನಿ.” ಹೇಳಿದ ಮೇಲೆ ಹೋಗಬೇಕು, ಅಷ್ಟೇ.

ಹಂತ 8: ಕೂಗಾಟ

ಸಿಟ್ಟಿನ ಹಿಂದೆ ಹೆಚ್ಚಾಗಿ ಕಾಯುವಿಕೆ ಇರುತ್ತದೆ, ಇಲ್ಲವೇ ದುಡ್ಡು. ‘ಡಾಕ್ಟರ್ ಬರ್ತಾರೆ ಇರಿ’ ಎಂಬುದಕ್ಕಿಂತ ಬೆಂಕಿಗೆ ತುಪ್ಪ ಇನ್ನೊಂದಿಲ್ಲ. “ಡಾಕ್ಟರ್ ಥಿಯೇಟರಲ್ಲಿದಾರೆ, ಹನ್ನೊಂದಕ್ಕೆ ಮುಂಚೆ ಬರಲ್ಲ. ಹನ್ನೊಂದಕ್ಕೆ ನಾನೇ ಫೋನ್ ಮಾಡಿ ನಿಮಗೆ ಹೇಳ್ತೀನಿ.” ಕೆಟ್ಟ ಉತ್ತರವೇ ಇರಲಿ, ಗಡಿಯಾರದ ಉತ್ತರ ಕೊಡಿ. ಕುಡಿದು ಕೈ ಎತ್ತುವವರ ಜೊತೆ ಈ ಜಾಣತನ ನಡೆಯದು. ಬಾಗಿಲು ನಿಮ್ಮ ಬೆನ್ನ ಹಿಂದೆ ಇರುವಂತೆ ನಿಂತು ಸೆಕ್ಯುರಿಟಿ ಕರೆಯಿರಿ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ, ದೂರು ಬರೆದುಕೊಡಲು ಹಿಂಜರಿಯಬೇಡಿ.

ಹಂತ 9: ರೋಗಿಯ ಮಾತನ್ನು ದಾಟಿಸುವುದು

ನಿಮಗೆ ಹೇಳಿದ್ದು ಡಾಕ್ಟರಿಗೆ, ಮುಂದಿನ ಪಾಳಿಗೆ ಮುಟ್ಟದಿದ್ದರೆ ಕೇಳಿ ಪ್ರಯೋಜನವಿಲ್ಲ. ರೋಗಿಯ ಸ್ಥಿತಿಯನ್ನು ನಾಲ್ಕು ಭಾಗದಲ್ಲಿ ತಿಳಿಸುವ ಎಸ್‌ಬಿಎಆರ್ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು: ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೇನು ಅನ್ನಿಸುತ್ತಿದೆ, ಏನು ಮಾಡಬೇಕು. ‘ಸರ್, ಪೇಷಂಟ್ ಯಾಕೋ ಡಲ್ ಇದಾರೆ’ ಅಂದರೆ ನಿದ್ದೆಗಣ್ಣಿನ ಡಾಕ್ಟರ್ ‘ಅಬ್ಸರ್ವ್ ಮಾಡಿ’ ಅನ್ನುತ್ತಾರೆ. “ಸರ್, ಸರ್ಜಿಕಲ್ ವಾರ್ಡಿಂದ ಶಾಂತಾ. ನಿನ್ನೆ ಕರುಳಿನ ಆಪರೇಷನ್ ಆದವರು. ಪಲ್ಸ್ 118, ಬಿಪಿ 90/60, ನಾಲ್ಕು ಗಂಟೆಯಲ್ಲಿ ಯೂರಿನ್ 60 ಎಂಎಲ್. ಒಳಗೆ ರಕ್ತ ಹೋಗ್ತಿದೆಯೇನೋ ಅನ್ನಿಸ್ತಿದೆ. ಈಗಲೇ ಬಂದು ನೋಡ್ಬೇಕು.” ಇದರ ಜೊತೆ ರೋಗಿಯ ಮಾತನ್ನೂ ಇದ್ದ ಹಾಗೇ ಸೇರಿಸಿ. “‘ಜೀವ ಹಾರ್ತೈತಿ’ ಅಂತಿದಾರೆ ಸರ್.” ಆ ಮಾತನ್ನು ‘ಆಂಗ್ಸೈಟಿ’, ಅಂದರೆ ಬರೀ ಗಾಬರಿ, ಅಂತ ಅನುವಾದಿಸಿ ಬರೆದ ಒಂದು ಹಾಳೆ ನನಗೆ ಇನ್ನೂ ನೆನಪಿದೆ.

ಹಂತ 10: ಡಿಸ್ಚಾರ್ಜ್

ಗಾಡಿ ಬಂದು ನಿಂತಿರುತ್ತದೆ, ಬಿಲ್ಲಿನ ಗಲಾಟೆ, ಗಂಟುಮೂಟೆ. ಆ ಹೊತ್ತಿಗೆ ಹೇಳಿದ್ದು ಒಂದೂ ನಿಲ್ಲುವುದಿಲ್ಲ, ಆದ್ದರಿಂದ ಹಿಂದಿನ ಸಂಜೆಯೇ ಹೇಳಿ. ಮಾತ್ರೆ ಚೀಟಿಯ ಮೇಲಿನ 1-0-1 (ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಅಂಕಿ ಓದಲು ಬಾರದವರಿಗೆ ಪ್ರತಿ ಮಾತ್ರೆ ಪಟ್ಟಿಯ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ಯಾವುದಾದರೆ ಓಡಿ ಬರಬೇಕು ಎಂಬುದನ್ನು ಮೂರೇ ಮೂರಕ್ಕೆ ಇಳಿಸಿ: ಜ್ವರ, ಗಾಯದಲ್ಲಿ ಕೀವು, ನಿಲ್ಲದ ವಾಂತಿ, ಹೀಗೆ ಕಾಯಿಲೆಗೆ ತಕ್ಕಂತೆ.

ನಮ್ಮ ಮನೆಗಳಲ್ಲಿ ಹೊರಟವರಿಗೆ ‘ಹೋಗಿ ಬನ್ನಿ’ ಅನ್ನುತ್ತೇವೆ. ಆಸ್ಪತ್ರೆಯಲ್ಲಿ ಆ ಮಾತು ಅಪಶಕುನ ಅಂತ ನಾನೂ ಸುಮ್ಮನೆ ತಲೆಯಾಡಿಸಿ ಕಳಿಸುತ್ತಿದ್ದೆ. ಹೊಲಿಗೆ ಬಿಚ್ಚಿಸಲು ಬರಬೇಕಾದ ಹೆಂಗಸೊಬ್ಬರು ಇಪ್ಪತ್ತು ದಿನವಾದರೂ ಬರಲಿಲ್ಲ. ಬಂದಾಗ ಯಾಕೆ ಅಂತ ಕೇಳಿದರೆ, “ನೀವು ಬಾ ಅನ್ನಲಿಲ್ವಲ್ಲ ಸಿಸ್ಟರ್” ಅಂದರು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ತಾರೀಖು ಬರೆದಿತ್ತು. ಈಗ ಗಾಡಿ ಹತ್ತುವ ತನಕ ಜೊತೆಗೆ ಹೋಗಿ ಬಾಯಿಬಿಟ್ಟು ಹೇಳುತ್ತೇನೆ: “ಬರೋ ಮಂಗಳವಾರ, ಸಂತೆ ದಿನ, ಬೆಳಗ್ಗೆ ಹತ್ತಕ್ಕೆ ಹೊಲಿಗೆ ಬಿಚ್ಚೋಕೆ ಬನ್ನಿ. ಯಾವತ್ತು ಹೇಳಿ?”

“ಸಂತೆ ದಿನ.”